ಕುರ್ಚಿ ಕಳೆದ ಗುಂಡಿ

ಬೆಳಗಿನ ಸಭೆಯಲ್ಲಿ ಹಾರಿದ್ದು ಪ್ಯಾಂಟಿನ ಒಂದು ಗುಂಡಿ. ಮೇಜಿನ ಕೆಳಗೆ 'ಟಪ್' ಎಂದು ಸದ್ದಾಯಿತು. ಕಂದು ಬಣ್ಣದ ಆ ಗುಂಡಿ ಗೋಡೆಗೆ ಬಡಿದು, ಬುಗುರಿಯಂತೆ ಸುತ್ತಿ, ಟೈಪಿಸ್ಟ್ ಅಕ್ಕನ ಚಪ್ಪಲಿಯ ಬಳಿ ಮಲಗಿತು. ಉಳಿದವರು ಏನಾಯಿತೆಂದು ತಿಳಿಯುವ ಮೊದಲೇ ಮೇಲಧಿಕಾರಿಗಳು ಕಡತ ವಿಭಾಗದ ಗುಮಾಸ್ತರನ್ನು ನೋಡಿದರು. ಆಮೇಲೆ ಎಲ್ಲರೂ ಅವರನ್ನೇ ನೋಡಿದರು. ಹೊಟ್ಟೆ ದೊಡ್ಡದಾಗಿರುವವನು ವಿಚಾರಣೆಯಿಲ್ಲದೆ ಅಪರಾಧಿಯಾಗುತ್ತಾನೆ. ಕಚೇರಿಗಳಲ್ಲಿ ಇದೇ ನ್ಯಾಯ.

"ನಂದಲ್ಲ," ಎಂದರು ಗುಮಾಸ್ತರು.

"ಮತ್ತೆ ನಂದಾ?" ಎಂದ ಲೆಕ್ಕದ ವಿಭಾಗದವನು. ಅವನನ್ನು ಎಲ್ಲರೂ ಕರೆಯುವುದು 'ಕಡ್ಡಿ' ಎಂದೇ. "ನನ್ನ ಪ್ಯಾಂಟು ಹಾರಲ್ಲ ಅಣ್ಣ, ಇಳಿಯುತ್ತೆ."

"ನನ್ನ ಪ್ಯಾಂಟು ಬೂದು ಬಣ್ಣದ್ದು. ಗುಂಡಿ ನೋಡಿ, ಕಂದು," ಎಂದರು ಗುಮಾಸ್ತರು.

"ಅತ್ತಿಗೆ ಕೈಗೆ ಸಿಕ್ಕಿದ್ದನ್ನ ಹೊಲಿದಿರ್ತಾರೆ ಬಿಡಿ," ಎಂದು ಟೈಪಿಸ್ಟ್ ಅಕ್ಕ ಗುಂಡಿಯನ್ನು ಹೆಕ್ಕಿ ಅವರ ಜೇಬಿಗೇ ಹಾಕಿದರು.

ಅಂಗಿಯನ್ನು ಮೇಲೆತ್ತಿ ತೋರಿಸಿದ್ದರೆ ಅರೆಕ್ಷಣದಲ್ಲಿ ಸತ್ಯ ಸಾಬೀತಾಗುತ್ತಿತ್ತು. ಆದರೆ ಹೆಂಗಸರಿದ್ದ ಸಭೆಯಲ್ಲಿ ಅಂಗಿ ಎತ್ತುವಷ್ಟು ಅಗ್ಗದ ಮಾನ ಗುಮಾಸ್ತರದಾಗಿರಲಿಲ್ಲ. ಹೀಗೆ ಅವರ ಮರ್ಯಾದೆಯೇ ಅವರ ವಿರುದ್ಧ ಸಾಕ್ಷಿ ನುಡಿಯಿತು.

ಮೇಲಧಿಕಾರಿಗಳು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಒತ್ತಿ ಎಳೆದುಕೊಂಡು, ಕೋಟನ್ನು ಸರಿಮಾಡಿಕೊಂಡು, ಉಪದೇಶಕ್ಕೆ ತೊಡಗಿದರು.

"ಇದೆಲ್ಲ ಕೂತದ್ದರ ಫಲ ಕಣ್ರೀ. ಕೂತವನ ಮೈ ಮಲಗಿದವನ ಮೈ ಥರಾನೇ, ಏನೂ ಖರ್ಚಾಗಲ್ಲ. ತಿಂದದ್ದೆಲ್ಲ ಜಮಾ. ಸಣ್ಣಗಿರೋರನ್ನ ನೋಡಿ, ಸುಮ್ನೆ ಕೂರೋದೇ ಇಲ್ಲ. ಕಡ್ಡಿ ಕೂತಿದ್ರೂ ಅವನ ಕಾಲು ಓಡ್ತಾನೇ ಇರುತ್ತೆ."

ಕಡ್ಡಿಯ ಮಂಡಿ ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯುತ್ತಿತ್ತು. ಹೊಗಳಿಕೆ ಕೇಳಿ ಎರಡನೆಯ ಮಂಡಿಯೂ ಕುಣಿಯತೊಡಗಿತು.

"ಇವತ್ತಿಂದ ಇವರ ಕುರ್ಚಿ ಉಗ್ರಾಣಕ್ಕೆ," ಎಂದು ಅಪ್ಪಣೆಯಾಯಿತು.

ಗುಮಾಸ್ತರಿಗೆ ಕಚೇರಿಯಲ್ಲಿ ಸ್ವಂತದ್ದೆನ್ನುವಂಥದು ಆ ಕುರ್ಚಿಯೊಂದೇ. ಮಂಡಿನೋವಿನ ಗಂಡನಿಗಾಗಿ ಹೆಂಡತಿ ಹೊಲಿದುಕೊಟ್ಟ ದಿಂಬು ಅದರ ಮೇಲಿತ್ತು. ಜವಾನ ದಿಂಬಿನ ಸಮೇತ ಕುರ್ಚಿಯನ್ನು ಹೊತ್ತೊಯ್ದಾಗ, ಮಗಳನ್ನು ಗಂಡನ ಮನೆಗೆ ಕಳುಹಿಸುವ ತಂದೆಯಂತೆ ಅವರು ಬಾಗಿಲವರೆಗೂ ಹೋದರು.

ಆಮೇಲೆ ಇಡೀ ಕಚೇರಿ ಅವರ ಆರೋಗ್ಯದ ಹೊಣೆ ಹೊತ್ತಿತು. ಎಲ್ಲರೂ, ತಾವು ಕೂತಲ್ಲಿಂದಲೇ, ನಿಲ್ಲುವ ವಿಧಾನವನ್ನು ಕಲಿಸಿದರು. ಸುಸ್ತಾಗಿ ಕಪಾಟಿಗೆ ಒರಗಿದರೆ ಕಪಾಟೇ ವಾಲಿ ಕಡತಗಳೆಲ್ಲ ಕೆಳಗೆ ಬಿದ್ದವು.

"ಬಗ್ಗಿ ಬಗ್ಗಿ ಎತ್ತಿ ಅಣ್ಣ, ಸೊಂಟಕ್ಕೆ ಒಳ್ಳೇದು," ಎಂದ ಕಡ್ಡಿ. ಒಂದನ್ನೂ ತಾನು ಎತ್ತಿಕೊಡಲಿಲ್ಲ.

ಮಧ್ಯಾಹ್ನ ನಿಂತೇ ಉಣ್ಣಲು ಹೋಗಿ ಸಾರು ಅಂಗಿಯ ಮೇಲೆ ಸುರಿಯಿತು. ಮೆಟ್ಟಿಲ ಮೇಲೆ ಕೂರೋಣವೆಂದರೆ ಜವಾನ ಅಡ್ಡ ಬಂದ. "ಬೇಡಿ ಅಣ್ಣ, ಸಾಹೇಬ್ರ ಆರ್ಡರ್ ಇದೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಮೇಲಧಿಕಾರಿಗಳಂತೂ ಸಭೆಯ ಕೋಣೆಯಿಂದ ಕದಲಿರಲಿಲ್ಲ. ಊಟವನ್ನು ಅಲ್ಲಿಗೇ ತರಿಸಿಕೊಂಡಿದ್ದರು.

"ಎಷ್ಟು ಶ್ರದ್ಧೆ ನೋಡಿ, ಬೆಳಿಗ್ಗೆಯಿಂದ ಒಂದ್ಸಲಾನೂ ಎದ್ದಿಲ್ಲ," ಎಂದು ಟೈಪಿಸ್ಟ್ ಅಕ್ಕ ಮೆಚ್ಚಿಕೊಂಡರು.

ಸಂಜೆ ಎಲ್ಲರೂ ಹೊರಟಮೇಲೆ ಗುಮಾಸ್ತರಿಗೆ ಕರೆ ಬಂತು.

"ಬಾಗಿಲು ಹಾಕಿ," ಎಂದರು ಮೇಲಧಿಕಾರಿಗಳು. ಬಳಿಕ ತಗ್ಗಿದ ದನಿಯಲ್ಲಿ, "ಆ ಗುಂಡಿ ಎಲ್ಲಿದೆ?"

ಗುಮಾಸ್ತರು ಜೇಬಿನಿಂದ ತೆಗೆದರು. ಕೋಟಿನ ಅಂಚಿನಲ್ಲಿ ಇಣುಕುತ್ತಿದ್ದ ಕಂದು ಪ್ಯಾಂಟನ್ನೂ ಕೈಯಲ್ಲಿದ್ದ ಕಂದು ಗುಂಡಿಯನ್ನೂ ಸಾವಕಾಶವಾಗಿ ನೋಡಿದರು. ಕೋಪ ಮಾಡಿಕೊಳ್ಳಲು ಬೇಕಾದ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

"ಇದನ್ನ ಹೊಲಿಯೋಕೆ ಇಲ್ಲಿ ಸೂಜಿ ಇಲ್ಲ," ಎಂದರು ಮೇಲಧಿಕಾರಿಗಳು. "ಬೆಲ್ಟ್ ಹಾಕಿದ್ದೀರಾ? ನನ್ನ ಸೊಂಟಕ್ಕೆ ಆಗೋದು ನಿಮ್ಮದೊಂದೇ."

ಗುಮಾಸ್ತರು ಬಿಚ್ಚಿಕೊಟ್ಟರು. "ಸಾರ್, ನನ್ನ ಕುರ್ಚಿ?"

"ಈಗ ವಾಪಸ್ ಕೊಟ್ರೆ ಯಾಕೆ ಅಂತ ಎಲ್ಲರೂ ಕೇಳಲ್ವಾ? ಹೇಗೂ ನಿಂತು ಅಭ್ಯಾಸ ಆಗಿದೆಯಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು." ಬೆಳಗಿನಿಂದ ಮೊದಲ ಬಾರಿಗೆ ಎದ್ದ ಅವರ ಕಾಲುಗಳು ಜೋಮು ಹಿಡಿದಿದ್ದವು. ಕಾರಿನವರೆಗೆ ಗುಮಾಸ್ತರೇ ಹೆಗಲು ಕೊಟ್ಟು ನಡೆಸಿದರು.

ಗುಮಾಸ್ತರು ಮನೆಗೆ ಹತ್ತಿದ ಬಸ್ಸು ತುಂಬಿತ್ತು. ಅವರ ಮುಖ ನೋಡಿ ಒಬ್ಬ ಹುಡುಗಿ ಎದ್ದು, "ಕೂತ್ಕೊಳ್ಳಿ ಅಂಕಲ್," ಎಂದಳು. ದಿನವೆಲ್ಲ ಯಾರ ಬಾಯಿಂದಲೂ ಬಾರದ ಮಾತದು. ಗುಮಾಸ್ತರ ಕಣ್ಣು ಒದ್ದೆಯಾಯಿತು. ಆದರೆ ಬೆಲ್ಟಿನ ಆಸರೆ ತಪ್ಪಿದ ಸೊಂಟ ಸೀಟಿನತ್ತ ಅರ್ಧ ಬಾಗಿತ್ತಷ್ಟೆ, ಅಂಗಿಯ ಒಳಗಿಂದ ಸದ್ದಾಯಿತು: ಟಪ್.

ಅವರು ಎರಡೂ ಕೈಗಳಿಂದ ಸೊಂಟ ಹಿಡಿದು ನೆಟ್ಟಗಾದರು. ಕೂರುವುದು ಕಷ್ಟವಲ್ಲ, ಕೂತಮೇಲೆ ಏಳುವುದು ಹೇಗೆ? ಗುಂಡಿ ಕಳೆದುಕೊಂಡವನ ಗತಿಯನ್ನು ಅವರು ಆಗತಾನೆ ಕಣ್ಣಾರೆ ಕಂಡು ಬಂದಿದ್ದರು.

"ಬೇಡಮ್ಮ, ನನಗೆ ನಿಂತೇ ಅಭ್ಯಾಸ."

ಕಂಡಕ್ಟರ್ ಬಗ್ಗಿ, ಕಾಲಿಗೆ ಸಿಕ್ಕ ಬೂದು ಗುಂಡಿಯೊಂದನ್ನು ಎತ್ತಿ ಹಿಡಿದ. "ಯಾರದ್ರೀ ಇದು?"

ಬಸ್ಸಿನಲ್ಲಿದ್ದವರೆಲ್ಲ ಗುಮಾಸ್ತರತ್ತ ತಿರುಗಿದರು.

"ನಂದಲ್ಲ," ಎಂದರು ಅವರು.

ಈ ಸಲ ಎಲ್ಲರೂ ನಂಬಿದರು.