ಗೋಡೆಯ ಮೇಲಿನ ಸಾರಂಗ

ಆ ದಿನ ಬೆಳಗ್ಗೆ ಏಳುದೇಶ ಪಕ್ಕದ ಮನೆಯವರ ಹತ್ತಿರ ಒಂದು ಸಣ್ಣ ಸುಳ್ಳನ್ನು ಕಡ ಕೇಳಲು ಹೋದ. ಕೇಳಿದ್ದು ದೊಡ್ಡ ತಪ್ಪೇನಲ್ಲ. ಕೇಳಿದ ಮನೆ ಮಾತ್ರ ತಪ್ಪು.

ಏಳುದೇಶ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಏಳು ದೇಶಗಳು ಸೇರಿ ಕಾಡುಗಳ್ಳರನ್ನೂ ಕೊಂಬು, ಚರ್ಮ, ಚಿಪ್ಪು ಸಾಗಿಸುವವರನ್ನೂ ಹಿಡಿಯಲು ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ಅವನು ಸಂಯೋಜಕ. ಒಂದು ದೇಶದಲ್ಲಿ ಕಡಿದ ಮರ ಇನ್ನೊಂದು ದೇಶದಲ್ಲಿ ಹಲಗೆಯಾಗಿ ಮತ್ತೊಂದು ದೇಶದಲ್ಲಿ ಕುರ್ಚಿಯಾಗುತ್ತದೆ. ಕಡಿದವನು ಸಿಗದಿದ್ದರೆ ಆ ಕುರ್ಚಿಯ ಮೇಲೆ ಕೂತವನನ್ನಾದರೂ ಹಿಡಿಯಬೇಕು ಎಂಬುದು ಅವನ ವಾದ. ಏಳು ದೇಶಗಳ ಅರಣ್ಯಾಧಿಕಾರಿಗಳು, ಸುಂಕದವರು ಅವನ ಒಂದು ಮಾತಿಗೆ ಕಾಯುತ್ತಿದ್ದರು. ಮನೆಯಲ್ಲಿ ಮಾತ್ರ ಟಿವಿ ರಿಮೋಟು ಕೂಡ ಅವನ ಕೈಗೆ ಸಿಗುತ್ತಿರಲಿಲ್ಲ. ಅದು ಅತ್ತೆಯ ಕೈಯಲ್ಲಿರುತ್ತಿತ್ತು.

ಕಾರ್ಯಕ್ರಮಕ್ಕೆ ಒಂದು ಸಹಾಯವಾಣಿ ಇತ್ತು. ಯಾರ ಮನೆಯಲ್ಲಾದರೂ ಕೊಂಬೋ ಚರ್ಮವೋ ಕಂಡರೆ ಯಾರು ಬೇಕಾದರೂ ಹೆಸರು ಹೇಳದೆ ಫೋನ್ ಮಾಡಬಹುದು. ಅದರ ನಿಯಮಗಳನ್ನೆಲ್ಲ ಏಳುದೇಶನೇ ನಿದ್ದೆಗೆಟ್ಟು ಬರೆದಿದ್ದ. ದೂರು ಬಂದ ಕೂಡಲೇ ಕಚೇರಿಯಲ್ಲಿರುವವರೆಲ್ಲ, ಸಂಯೋಜಕನೂ ಸೇರಿ, ತಮ್ಮ ಮೊಬೈಲುಗಳನ್ನು ಒಂದು ಬುಟ್ಟಿಗೆ ಹಾಕಬೇಕು. ಒಳಗಿನವರೇ ಕಳ್ಳನಿಗೆ ಸುಳಿವು ಕೊಟ್ಟುಬಿಡಬಾರದಲ್ಲ. ಪ್ರತಿ ಕರೆಯ ಧ್ವನಿಮುದ್ರಣವೂ ಆ ಕ್ಷಣವೇ ಏಳೂ ದೇಶಗಳಿಗೆ ತಲುಪುತ್ತದೆ. ಬ್ರಹ್ಮನೇ ಬಂದರೂ ಅಳಿಸಲಾಗದು. ಕಚೇರಿ ಮುಚ್ಚಿದ ಮೇಲೆ ಬರುವ ಕರೆಗಳು ನೇರ ಸಂಯೋಜಕನ ಜೇಬಿಗೇ.

ಇಷ್ಟು ಭದ್ರವಾದ ಬಲೆಗೆ ಈವರೆಗೆ ಒಂದು ಸೊಳ್ಳೆಯೂ ಬಿದ್ದಿರಲಿಲ್ಲ. ಒಬ್ಬ ಹೆಂಗಸು ಮಾತ್ರ ಫೋನ್ ಮಾಡಿ, "ನಮ್ಮ ಯಜಮಾನ್ರು ಕರಡಿ ಹಾಗೆ ಗೊರಕೆ ಹೊಡೀತಾರೆ, ಬಂದು ಹಿಡ್ಕೊಂಡು ಹೋಗ್ತೀರಾ?" ಎಂದು ಕೇಳಿದ್ದಳು.

ಹಣ ಕೊಡುವ ಸಂಸ್ಥೆಯ ಮೇಡಂ ಆ ದಿನವೇ ಬರುವವರಿದ್ದರು. ತಾವು ಇರುವಾಗ ಒಂದಾದರೂ ದೂರು ಬರಬೇಕು, ಬಾರದಿದ್ದರೆ ತಿಂಗಳ ಕೊನೆಗೆ ಕಾರ್ಯಕ್ರಮಕ್ಕೆ ಮಂಗಳ ಹಾಡೋಣ ಎಂದು ಹಿಂದಿನ ದಿನವೇ ಹೇಳಿಬಿಟ್ಟಿದ್ದರು. ಮಂಗಳ ಹಾಡಿದರೆ ಏಳುದೇಶನ ಕೆಲಸಕ್ಕೂ ಎಳ್ಳುನೀರು. ಆಮೇಲೆ ಇಡೀ ದಿನ ಮನೆಯಲ್ಲಿ, ಅತ್ತೆಯ ಎದುರು, ಅತ್ತೆ ಆರಿಸಿದ ಧಾರಾವಾಹಿ ನೋಡುತ್ತಾ ಕೂರಬೇಕು. ಅದನ್ನು ನೆನೆದೇ ಅವನು ಪಕ್ಕದ ಮನೆಯ ಗೇಟು ತೆರೆದ.

ಪಕ್ಕದ ಮನೆಯವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಸ್ವಂತ ತಮ್ಮನ ಅಂಗಡಿಯ ತಕ್ಕಡಿಗೇ ದಂಡ ಹಾಕಿದವರು. ಹುಟ್ಟಿದಾರಭ್ಯ ಒಂದೇ ಒಂದು ಸುಳ್ಳು ಹೇಳಿಲ್ಲ ಎಂಬುದು ಅವರ ಆಸ್ತಿ. ಹೊಸ ಬಟ್ಟೆ ಉಟ್ಟ ಹೆಂಡತಿ ಹೇಗಿದೆ ಎಂದು ಕೇಳಿದಾಗಲೂ ನಿಜವನ್ನೇ ಹೇಳಿ, ಒಂದು ವಾರ ತಾವೇ ಅಡುಗೆ ಮಾಡಿಕೊಂಡಿದ್ದರು. ಬೀದಿಯವರು ಅವರನ್ನು ನಿಜಪ್ಪ ಎನ್ನುತ್ತಿದ್ದರು.

"ಮಧ್ಯಾಹ್ನದೊಳಗೆ ನೀವೊಂದು ಫೋನ್ ಮಾಡ್ಬೇಕಿತ್ತು," ಎಂದ ಏಳುದೇಶ, ಸಹಾಯವಾಣಿಯ ನಂಬರಿನ ಚೀಟಿ ಕೊಡುತ್ತಾ. "ಯಾರೋ ಏನೋ ಕಾಡುಪ್ರಾಣಿದು ವಸ್ತು ಮನೇಲಿಟ್ಕೊಂಡಿದ್ದಾರೆ ಅಂತ."

"ಯಾರು ಇಟ್ಕೊಂಡಿದ್ದಾರೆ?"

"ಯಾರೂ ಇಲ್ಲ. ಸುಮ್ನೆ ಹೇಳೋದು."

"ಇಲ್ಲದ್ದನ್ನ ಇದೆ ಅಂತ ನಾನು ಹೇಗೆ ಹೇಳ್ಲಿ? ಈ ವಯಸ್ಸಲ್ಲಿ ಹೊಸ ಅಭ್ಯಾಸ ಬೇಡಪ್ಪಾ."

"ನಂದು ಹೊಟ್ಟೆಪಾಡಿನ ಪ್ರಶ್ನೆ ಸ್ವಾಮಿ."

"ನಂದು ನಾಲಿಗೆ ಪ್ರಶ್ನೆ."

ಅಷ್ಟರಲ್ಲಿ ಕಚೇರಿಯ ವ್ಯಾನು ಬಂದು ಹಾರ್ನ್ ಹೊಡೆಯಿತು. ಏಳುದೇಶ ತಲೆಕೆಟ್ಟು, "ಹೋಗ್ಲಿ, ಇರೋದನ್ನೇ ಹೇಳಿ. ಒಟ್ನಲ್ಲಿ ಒಂದು ಫೋನ್ ಬಂದ್ರೆ ಸಾಕು," ಎಂದು ಹೇಳಿ ವ್ಯಾನಿನತ್ತ ಓಡಿದ.

"ಇರೋದನ್ನಾದ್ರೆ ಧಾರಾಳವಾಗಿ ಹೇಳ್ಬಹುದು," ಎಂದು ನಿಜಪ್ಪ ಹಿಂದಿನಿಂದ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಮೇಡಂ ಬಂದರು. ಕಾಫಿ ಕುಡಿದರು. ಗೋಡೆಯ ಮೇಲಿನ ನಕ್ಷೆ, ನಕ್ಷೆಯ ಮೇಲಿನ ಕೆಂಪು ಗುಂಡುಸೂಜಿ ಎಲ್ಲ ನೋಡಿದರು. ಆಮೇಲೆ ಸಹಾಯವಾಣಿಯ ಕೋಣೆಯಲ್ಲಿ ಕೂತು ಫೋನನ್ನೇ ನೋಡತೊಡಗಿದರು. ಫೋನು ಬಾಯಿ ಹೊಲಿದುಕೊಂಡಂತೆ ಕೂತಿತ್ತು. ಮೇಡಂ ಇನ್ನೇನು ಚೀಲ ಹೆಗಲಿಗೆ ಹಾಕಬೇಕು, ಆಗ ಅದು ಬಾಯಿಬಿಟ್ಟಿತು. ಏಳುದೇಶನಿಗೆ ಹೋದ ಜೀವ ಬಂದಂತಾಯಿತು. ಎಲ್ಲರ ಮೊಬೈಲುಗಳೂ ಬುಟ್ಟಿಗೆ ಬಿದ್ದವು. ಶಿಸ್ತು ತೋರಿಸಲು ಅವನೇ ಮೊದಲು ಹಾಕಿದ. ಬುಟ್ಟಿಯನ್ನು ಮೇಡಂ ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಕರೆ ಧ್ವನಿವರ್ಧಕದಲ್ಲಿ ಕೇಳಿಸಿತು.

"ನಮಸ್ಕಾರ. ಇರೋದನ್ನ ಹೇಳ್ತಿದ್ದೀನಿ," ಎಂದಿತು ನಿಜಪ್ಪನವರ ದನಿ. "ನಮ್ಮ ಪಕ್ಕದ ಮನೆ ಗೋಡೆ ಮೇಲೆ ಒಂದು ಸಾರಂಗದ ತಲೆ ಇದೆ. ಕೊಂಬು ಸಮೇತ. ಉದ್ದ ಎಷ್ಟು ಅಂತ ಅಳತೆ ಬೇಕಾದ್ರೂ ಕೊಡ್ತೀನಿ."

ಏಳುದೇಶನ ಕೈ ತನ್ನ ಖಾಲಿ ಜೇಬಿಗೆ ಹೋಯಿತು.

"ನಿಮಗೆ ನಮ್ಮ ನಂಬರ್ ಹೇಗೆ ಸಿಕ್ತು?" ಎಂದು ಫೋನಿನ ಹುಡುಗಿ ಕೇಳಿದಳು.

"ಬೆಳಿಗ್ಗೆ ಒಬ್ರು ಮನೆಗೇ ಬಂದು, ಮಾಡ್ಲೇಬೇಕು ಅಂತ ಕೇಳ್ಕೊಂಡ್ರು."

"ಮನೆಮನೆಗೂ ಪ್ರಚಾರ ಮಾಡ್ಸಿದ್ದೀರಾ?" ಎಂದು ಮೇಡಂ ಏಳುದೇಶನತ್ತ ಮೆಚ್ಚುಗೆಯಿಂದ ನೋಡಿದರು. ನಿಜಪ್ಪ ಬೀದಿ ಹೇಳಿದರು, ನೀಲಿ ಗೇಟು ಹೇಳಿದರು, ಗೇಟಿನ ಯಾವ ಮೂಲೆಯಲ್ಲಿ ಬಣ್ಣ ಎದ್ದಿದೆ ಎಂಬುದನ್ನೂ ಹೇಳಿದರು.

ಆ ಸಾರಂಗ ಅತ್ತೆಯದು. ಎಂದರೆ ಮಾವನವರದು. ನೆಗೆಯುತ್ತಿದ್ದ ಪ್ರಾಣಿಯನ್ನು ಮಾವನವರು ಒಂದೇ ಗುಂಡಿಗೆ ಉರುಳಿಸಿದ ಕತೆಯನ್ನು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಪ್ರಾಣಿ ಸ್ವಲ್ಪ ಬೆಳೆಯುತ್ತಿತ್ತು. ಈ ಕೆಲಸಕ್ಕೆ ಸೇರಿದಾಗಲೇ ಏಳುದೇಶ, "ಅದನ್ನ ಸರ್ಕಾರಕ್ಕೆ ಒಪ್ಪಿಸಿಬಿಡೋಣ ಅತ್ತೆ," ಎಂದಿದ್ದ. "ಅದು ಗೋಡೆ ಇಳಿದ ದಿನ ನಾನೂ ಮೆಟ್ಟಿಲು ಇಳೀತೀನಿ ಅಳಿಯಂದ್ರೇ," ಎಂದಿದ್ದರು ಅತ್ತೆ. ಹೆಂಡತಿ ಅವನನ್ನು ನೋಡಿದ್ದಳು. ಆ ನೋಟಕ್ಕೆ ಅವನು ಆ ಮಾತನ್ನೇ ಬಿಟ್ಟು, ಕೊಂಬಿಗೆ ತನ್ನ ಕೊಡೆಯನ್ನೂ ಮಳೆಕೋಟನ್ನೂ ನೇತುಹಾಕಿ ಮರೆಮಾಡಿದ್ದ. ಏಳು ದೇಶಗಳಲ್ಲಿ ಭಾಷಣ ಮಾಡುವಾಗಲೂ "ಮೊದಲು ನಮ್ಮ ನಮ್ಮ ಮನೆ ನೋಡಿಕೊಳ್ಳೋಣ" ಎಂಬ ಸಾಲು ಬಂದರೆ ಅವನು ನೀರಿನ ಲೋಟಕ್ಕೆ ಕೈಹಾಕುತ್ತಿದ್ದ.

ಈಗ ಮನೆಗೆ ಒಂದು ಮಾತು ಹೇಳೋಣವೆಂದರೆ ಮೊಬೈಲು ಬುಟ್ಟಿಯಲ್ಲಿ, ಬುಟ್ಟಿ ಮೇಡಂ ಮಡಿಲಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ವ್ಯಾನು ಹೊರಟಿತು. ಮೇಡಂ, ಕೊಂಬು ಚರ್ಮಗಳ ಪರೀಕ್ಷೆಯ ತಜ್ಞ, ಇಬ್ಬರು ಅರಣ್ಯ ಪೊಲೀಸರು, ಮುಂದಿನ ಸೀಟಿನಲ್ಲಿ ಏಳುದೇಶ. ದಿನಾ ಅವನನ್ನು ಮನೆಯಿಂದ ಕರೆತರುವ ಡ್ರೈವರು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ದನಿ ತಗ್ಗಿಸಿ ಕೇಳಿದ.

"ಸಾರ್, ನೀಲಿ ಗೇಟು ಅಂದ್ರೆ..."

"ನಂಗೇನೂ ಗೊತ್ತಿಲ್ಲ. ನೀನು ಎಡಕ್ಕೆ ತಿರುಗ್ಸು."

"ಎಡಕ್ಕೆ ಹೋದ್ರೆ ಮಾರ್ಕೆಟ್ಟು ಸಾರ್."

"ಮಾರ್ಕೆಟ್ಟಿಗೇ ಹೋಗು."

ಮಾರ್ಕೆಟ್ಟಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಏಳುದೇಶ ಮನಸ್ಸಿನಲ್ಲೇ ಅದಕ್ಕೆ ಕೈಮುಗಿದ. ಆದರೆ ಅರಣ್ಯ ಪೊಲೀಸರನ್ನು ಕಂಡ ಲಾರಿಯವನು ತನ್ನ ಮೇಲೇ ದಾಳಿ ಎಂದುಕೊಂಡು ಗಾಡಿಯನ್ನು ಹಿಂದಕ್ಕೆ ಓಡಿಸಿಬಿಟ್ಟ. ಆಮೇಲೆ ಬಲಕ್ಕೆ, ಮತ್ತೆ ಬಲಕ್ಕೆ. ಒಂದೇ ಕ್ಷೌರದಂಗಡಿಯ ಮುಂದೆ ವ್ಯಾನು ಮತ್ತೆ ಮತ್ತೆ ಹಾದುಹೋದಾಗ, ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿ ಎದ್ದು ಬಂದು, "ಯಾರ ಮನೆ ಬೇಕಿತ್ತು?" ಎಂದು ಕೇಳಿದ.

"ನೀಲಿ ಗೇಟಿನ ಮನೆ. ಗೋಡೆ ಮೇಲೆ ಸಾರಂಗದ ತಲೆ ಇರೋದು," ಎಂದರು ಮೇಡಂ.

"ಓ, ಆ ಅಜ್ಜಿ ಮನೆನಾ? ಒಂದೇ ಗುಂಡಿನ ಕತೆ ನಂಗೂ ಹೇಳಿದ್ದಾರೆ," ಎಂದು ಅವನು ಸೋಪಿನ ನೊರೆ ಹಚ್ಚಿದ ಮುಖದಲ್ಲೇ ವ್ಯಾನಿನ ಮುಂದೆ ನಡೆದು ದಾರಿ ತೋರಿಸಿದ. ಪುಕ್ಕಟೆ ಉಪಕಾರ ಮಾಡುವವರ ಕೈಯಿಂದ ದೇವರೇ ಕಾಪಾಡಬೇಕು.

ಬೀದಿಯವರು ಆಗಲೇ ಗುಂಪುಗೂಡಿದ್ದರು. ನಿಜಪ್ಪ ತಮ್ಮ ಗೇಟಿನಲ್ಲಿ ನಿಂತು, "ಬನ್ನಿ, ಇದೇ ಮನೆ," ಎಂದು ಸ್ವಾಗತಿಸಿದರು. ಏಳುದೇಶ ಯಾರೋ ಪರಸ್ಥಳದವನಂತೆ ಮುಖ ಮಾಡಿಕೊಂಡು ಎಲ್ಲರ ಹಿಂದೆ ನಿಂತ. ಬಾಗಿಲು ತೆರೆದ ಹೆಂಡತಿ ಗುಂಪಿನ ಮೇಲಿಂದ ನೇರ ಅವನನ್ನೇ ನೋಡಿದಳು.

"ಏನ್ರೀ, ಇಷ್ಟೊಂದು ಜನ ಊಟಕ್ಕಾ? ಮೊದಲೇ ಒಂದು ಫೋನ್ ಮಾಡಬಾರ್ದಾ?"

ಎಲ್ಲರೂ ಅವನತ್ತ ತಿರುಗಿದರು.

"ಇದು ನಿಮ್ಮ ಮನೆನಾ?" ಎಂದರು ಮೇಡಂ.

ಅವನು ಬಾಯಿ ತೆರೆದ. ಅಷ್ಟರಲ್ಲಿ ನಿಜಪ್ಪನವರೇ ಸಹಾಯಕ್ಕೆ ಬಂದರು.

"ಅವರದೇ ಮನೆ ಮೇಡಂ. ಫೋನ್ ಮಾಡಿ ಅಂತ ಬೆಳಿಗ್ಗೆ ನಂಗೆ ಹೇಳಿದ್ದೂ ಅವರೇ. ಇರೋದನ್ನೇ ಹೇಳಿ ಅಂದ್ರು."

ಒಳಗೆ ಅತ್ತೆ ಟಿವಿಯ ಮುಂದೆ ಕೂತಿದ್ದರು. ಜನ ನುಗ್ಗಿದ್ದನ್ನು ಕಂಡು ಟಿವಿ ಆರಿಸಿದರು. ಪೊಲೀಸರು ಕೊಡೆಯನ್ನೂ ಮಳೆಕೋಟನ್ನೂ ತೆಗೆದು ಪಕ್ಕಕ್ಕಿಟ್ಟು ತಲೆಯನ್ನು ಇಳಿಸಿದರು. ತಜ್ಞ ಮೂಸಿದ. ಬೆರಳಿನಿಂದ ಬಡಿದ. ಮೂಗು ಹಿಡಿದು ಒಂದು ಸಲ ಅಲ್ಲಾಡಿಸಿದ, ಅದು ಅವನ ಕೈಗೇ ಬಂತು. ಒಳಗೆ ಹಳೆಯ ಪತ್ರಿಕೆ, ಗೋಂದು, ಮರದ ಹೊಟ್ಟು. ಒಂದು ಕಣ್ಣು ಗೋಲಿ, ಇನ್ನೊಂದು ಕೋಟಿನ ಗುಂಡಿ.

"ಇದು ಕಾಗದದ್ದು," ಎಂದ ತಜ್ಞ. "ಕೊಂಬು ಕೂಡ. ಯಾರೋ ಚೆನ್ನಾಗಿ ಮಾಡಿದ್ದಾರೆ."

ಕಿಟಕಿಯಲ್ಲಿ ಇಣುಕುತ್ತಿದ್ದ ಬೀದಿ ಒಂದೇ ಸಲ ನಕ್ಕಿತು. ಒಂದೇ ಗುಂಡಿನ ಕತೆ ಕೇಳಿ ಕೇಳಿ ಸುಸ್ತಾಗಿದ್ದವರೆಲ್ಲ ಈಗ ಬಡ್ಡಿಸಮೇತ ವಸೂಲು ಮಾಡಿಕೊಂಡರು. ಅತ್ತೆ ತಲೆ ತಗ್ಗಿಸಿ ಕೂತರು. ಮೇಡಂ ಮಾತ್ರ ನಗಲಿಲ್ಲ. ಏಳುದೇಶನ ಎರಡೂ ಕೈ ಹಿಡಿದುಕೊಂಡರು.

"ಈಗ ಅರ್ಥ ಆಯ್ತು. ನಿಮ್ಮ ವ್ಯವಸ್ಥೆನ ನೀವೇ ಪರೀಕ್ಷೆ ಮಾಡಿದ್ರಿ. ಯಾರಿಗೂ ತಿಳಿಸದೆ, ನಿಮ್ಮ ಮನೆ ಮೇಲೇನೆ ದಾಳಿ ಆಗೋ ಹಾಗೆ. ಇಂಥವ್ರನ್ನ ನಾನು ಎಲ್ಲೂ ನೋಡಿಲ್ಲ."

ಏಳುದೇಶ ಹೌದೆಂದೂ ಅಲ್ಲವೆಂದೂ ಆಗುವಂತೆ ತಲೆ ಆಡಿಸಿದ. ಮೇಡಂ ಅಲ್ಲಿಂದಲೇ ಏಳು ದೇಶಗಳಿಗೂ ಸುದ್ದಿ ಮುಟ್ಟಿಸಿದರು: ಕಾರ್ಯಕ್ರಮ ಮುಂದುವರಿಯುತ್ತದೆ, ಇಂಥ ಪರಿಶುದ್ಧ ಮನೆಯ ಸಂಯೋಜಕನೇ ಅದಕ್ಕೆ ಮುಂದೆಯೂ ಮುಖ್ಯಸ್ಥ. ಕಚೇರಿಯಲ್ಲಿ ಅವನನ್ನು ಕುರ್ಚಿಯ ಸಮೇತ ಎತ್ತಿ ಕುಣಿದರು. ಆ ಕುರ್ಚಿ ಯಾವ ಕಾಡಿನ ಮರದ್ದು ಎಂದು ಆ ದಿನ ಯಾರೂ ಕೇಳಲಿಲ್ಲ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ನೆಲದ ಮೇಲೆ ಕಾಲು ನಿಲ್ಲದಷ್ಟು ಸಂತೋಷ.

ಸಂಜೆ ಮನೆಗೆ ಬಂದಾಗ ಮಾತ್ರ ಅತ್ತೆಯ ನೆನಪಾಯಿತು. ಪಾಪ, ಒಂದು ಜನ್ಮವೆಲ್ಲ ಕಟ್ಟಿಕೊಂಡಿದ್ದ ಹೆಮ್ಮೆ ಗೋಂದು ಬಿಟ್ಟುಕೊಂಡಿತ್ತು. ಬಾಗಿಲು ಹಾಕುವುದನ್ನೂ ಮರೆತು ಅವರ ಪಕ್ಕ ಹೋಗಿ ಕೂತ.

"ಬೇಜಾರು ಮಾಡ್ಕೋಬೇಡಿ ಅತ್ತೆ. ಮಾವನವರಿಗೂ ಯಾರೋ ಮೋಸ ಮಾಡಿರ್ಬೇಕು."

ಅತ್ತೆ ತಲೆ ಎತ್ತಿದರು. ಅವರ ಮುಖದಲ್ಲಿ ನಗು ತುಂಬಿ ತುಳುಕುತ್ತಿತ್ತು. ಇಷ್ಟು ಹೊತ್ತೂ ಅದನ್ನು ಬಚ್ಚಿಡಲೆಂದೇ ತಲೆ ತಗ್ಗಿಸಿದ್ದರು.

"ನಿಮ್ಮ ಮಾವನವರಿಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ ಅಳಿಯಂದ್ರೇ. ಆ ಕಾಗದದ್ದು ನಾನೇ ಮಾಡಿಸಿದ್ದು, ನಾಟಕದ ಸಾಮಾನು ಮಾಡೋನ ಹತ್ರ. ನೀವು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ತರಬೇತಿಗೆ ಅಂತ ಹೋಗಿದ್ರಲ್ಲ, ಆಗ. ನಿಮ್ಮ ಮರ್ಯಾದೆ ಉಳೀಬೇಕಲ್ಲ."

ಏಳುದೇಶನ ಕಣ್ಣು ತೇವವಾಯಿತು. "ಅತ್ತೆ, ನೀವು ದೇವರು. ಅಸಲಿದನ್ನ ಸರ್ಕಾರಕ್ಕೆ ಕೊಟ್ರಾ?"

"ಅದ್ಯಾಕೆ ಕೊಡ್ಲಿ? ನಿಮ್ಮ ಮಂಚದ ಕೆಳಗೆ ಟ್ರಂಕಿನಲ್ಲಿದೆ. ಸೊಂಟನೋವು ಅಂತ ಮಂಚ ಎತ್ತರ ಮಾಡಿಸಿದ್ರಲ್ಲ, ಸರಿಯಾಗಿ ಹಿಡಿಸ್ತು."

ಇಷ್ಟು ವರ್ಷ ತಾನು ಯಾವುದರ ಮೇಲೆ ಮಲಗಿದ್ದೆನೆಂದು ಅವನಿಗೆ ಅರ್ಥವಾಗುತ್ತಿದ್ದಂತೆ, ತೆರೆದ ಬಾಗಿಲಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ನಿಜಪ್ಪ ನಿಂತಿದ್ದರು. ಒಂದೇ ದಿನದಲ್ಲಿ ಮುದುಕರಾದಂತೆ ಕಾಣುತ್ತಿದ್ದರು.

"ಕ್ಷಮೆ ಕೇಳೋಣ ಅಂತ ಬಂದೆ," ಎಂದರು. "ಹುಟ್ಟಿದಾಗಿನಿಂದ ಸುಳ್ಳು ಹೇಳ್ದೋನಲ್ಲ ನಾನು. ಇವತ್ತು ಏಳು ದೇಶಕ್ಕೂ ಕೇಳೋ ಹಾಗೆ ಕಾಗದದ ತಲೆನ ಸಾರಂಗ ಅಂದುಬಿಟ್ಟೆ. ಮಧ್ಯಾಹ್ನದಿಂದ ಊಟ ಸೇರಿಲ್ಲ." ಹೀಗೆ ಹೇಳುತ್ತಲೇ ಜೇಬಿನಿಂದ ಮೊಬೈಲು ತೆಗೆದರು. "ಈಗ ಸಮಾಧಾನ ಆಯ್ತು."

"ಬೇಡ ಸ್ವಾಮಿ," ಎಂದ ಏಳುದೇಶ. "ನಿಮ್ಮ ಕಾಲು ಹಿಡೀತೀನಿ."

ನಿಜಪ್ಪ ಆಗಲೇ ಒತ್ತಿಯಾಗಿತ್ತು. ಕಚೇರಿ ಮುಚ್ಚಿತ್ತು. ಏಳುದೇಶನ ಜೇಬಿನಲ್ಲಿ ಫೋನು ಹಾಡತೊಡಗಿತು. ಎತ್ತದೆ ಬಿಟ್ಟರೆ ಅದೂ ಏಳು ದೇಶಗಳಿಗೆ ತಿಳಿಯುತ್ತದೆ. ಆ ನಿಯಮವೂ ಅವನದೇ. ಎತ್ತಿದ.

"ಸಹಾಯವಾಣಿ. ನಿಮ್ಮ ಹೆಸರು ಹೇಳ್ಬೇಕಾಗಿಲ್ಲ. ಏನು ದೂರು, ಹೇಳಿ."

ಎರಡು ಮಾರು ದೂರದಲ್ಲಿ ನಿಂತಿದ್ದ ನಿಜಪ್ಪ ಗಂಟಲು ಸರಿಮಾಡಿಕೊಂಡರು. ಅವರ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

"ನಮಸ್ಕಾರ. ಬೆಳಿಗ್ಗೆ ಕೊಟ್ಟ ದೂರಲ್ಲಿ ಒಂದು ತಪ್ಪಿತ್ತು, ತಿದ್ದಬೇಕಿತ್ತು. ಮನೆ ಅದೇ. ತಲೆ ಗೋಡೆ ಮೇಲಲ್ಲ, ಮಂಚದ ಕೆಳಗೆ."

ಅಡುಗೆಮನೆಯಿಂದ ಹೆಂಡತಿ ತರಕಾರಿ ಬುಟ್ಟಿ ತಂದು ಅವನ ಮುಂದೆ ಹಿಡಿದಳು.

"ಮೊಬೈಲ್ ಹಾಕ್ರೀ," ಎಂದಳು. "ನಿಮ್ಮದೇ ನಿಯಮ."