ಎರಡು ಬೆರಳು ತಗ್ಗಿಸಿದ ಕಾರು

ತೊಂಬತ್ತರ ದಶಕದ ನಡುವೆ ಸೂರತ್ತಿನ ಅಡಾಜಣ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ತಲೆದೋರಿದ್ದ ಗಂಭೀರ ಪರಿಸ್ಥಿತಿಯನ್ನು ಯಾವ ಪತ್ರಿಕೆಯೂ ವರದಿ ಮಾಡಲಿಲ್ಲ. ಮೆಟ್ಟಿಲಿನ ಕೆಳಗಿನ ತೊಲೆ ನಮ್ಮ ಕಾರಿನ ನೆತ್ತಿಗಿಂತ ಒಂದೂವರೆ ಇಂಚು ಕೆಳಗಿತ್ತು. ಪ್ರಾಣಹಾನಿ ಆಗಲಿಲ್ಲ. ನಿದ್ರಾಹಾನಿ ಮೂರು ವಾರ.

ವರ್ಗಾವಣೆಯ ನೌಕರಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಹೊಸ ಊರಿಗೆ ಹೋದಾಗ ಮಂಚ, ಕುಕ್ಕರು, ದೇವರ ಪೆಟ್ಟಿಗೆ ಎಲ್ಲವೂ ಮನೆಗೆ ಹೊಂದಿಕೊಳ್ಳುತ್ತವೆ. ಯಾವುದೋ ಒಂದು ಮಾತ್ರ ಹೊಂದುವುದಿಲ್ಲ. ಅಹಮದಾಬಾದಿನಲ್ಲಿ ಅದು ಬೀರು ಆಗಿತ್ತು. ವಡೋದರದಲ್ಲಿ ನಾನು. ಸೂರತ್ತಿನಲ್ಲಿ ಕಾರು.

೧. ಉದ್ದ ಮತ್ತು ಅಗಲ

ನಮ್ಮದು ಡಬ್ಬಿಯ ಆಕಾರದ, ಎತ್ತರದ ಕಾರು. ನೋಡಿದವರು ವ್ಯಾನ್ ಎನ್ನುತ್ತಾರೆ; ಹಾಗೆಂದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ. ವಡೋದರದ ಆಲ್ಕಾಪುರಿಯಲ್ಲಿ ನಿವೃತ್ತ ಅಧಿಕಾರಿಯೊಬ್ಬರಿಂದ ಕೊಂಡದ್ದು. ಅಡಾಜಣ್‌ನ ಮನೆಯನ್ನು ಹಿಡಿದದ್ದೇ ಆ ಕಾರಿಗಾಗಿ. ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ.

"ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಒಗ್ಗರಣೆ ಹಾಕೋದು ಹೇಗೆ?" ಎಂದು ಹೆಂಡತಿ ಕೇಳಿದಳು.

"ಪಾರ್ಕಿಂಗ್ ಇದೆಯಲ್ಲ," ಎಂದೆ.

ಅವಳು ಆ ಉತ್ತರವನ್ನು ಮುಂದೆ ಬೇಕಾದೀತೆಂದು ಎತ್ತಿಟ್ಟುಕೊಂಡಳು.

ಪಾರ್ಕಿಂಗ್ ಜಾಗಗಳನ್ನು ಚೀಟಿ ಎತ್ತಿ ಹಂಚಿದರು. ನಮಗೆ ಬಂದದ್ದು ನಾಲ್ಕನೇ ನಂಬರು, ಮೆಟ್ಟಿಲು ತಿರುಗುವ ಜಾಗದ ಕೆಳಗೆ. ಚೀಟಿ ಎತ್ತುವ ಮೊದಲೇ ನಾನೂ ಹೆಂಡತಿಯೂ ಟೇಪು ಹಿಡಿದು ಎಲ್ಲ ಜಾಗಗಳ ಉದ್ದ ಅಳೆದಿದ್ದೆವು, ಅಗಲ ಅಳೆದಿದ್ದೆವು. ಎತ್ತರವನ್ನು ತೊಲೆಯೇ ಅಳೆದು ಹೇಳಿತು, ಮೊದಲ ದಿನ, "ಖಣ್" ಎಂದು.

ಸೊಸೈಟಿಯ ಸೆಕ್ರೆಟರಿ ನಿಯಮವನ್ನು ವಿವರಿಸಿದರು. "ಸಾಹೇಬ್, ಮೂರನೇ ಭಾನುವಾರ ಜನರಲ್ ಮೀಟಿಂಗ್. ಅವತ್ತು ಯಾರ ಗಾಡಿ ಅವರವರ ಜಾಗದಲ್ಲಿ ನಿಂತಿರಬೇಕು. ನಿಲ್ಲದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ."

ಪಟ್ಟಿಯಲ್ಲಿ ಮುಂದಿನ ಹೆಸರು ಸೆಕ್ರೆಟರಿಯ ಭಾವಮೈದುನನದು. ಅವನು ದಿನಾ ಸಂಜೆ ಬಂದು ನಾಲ್ಕನೇ ನಂಬರಿನಲ್ಲಿ ಒಬ್ಬನೇ ನಿಲ್ಲುತ್ತಿದ್ದ. ಒಮ್ಮೆ ತೊಲೆಯನ್ನು ನೋಡುತ್ತಿದ್ದ, ಒಮ್ಮೆ ಗೇಟನ್ನು ನೋಡುತ್ತಿದ್ದ. ಜಾಗದ ಮೇಲೆ ಕಣ್ಣಿಟ್ಟವನು ಹೇಗಿರುತ್ತಾನೆಂದು ನಾನು ಮೊದಲ ಸಲ ಕಂಡದ್ದು ಆಗ.

೨. ಗಾಳಿ

ಕಾರು ತೊಲೆಯ ಕೆಳಗೆ ಹಿಡಿಸುವುದಿಲ್ಲವೆಂದು ಸೆಕ್ರೆಟರಿಗೆ ಗೊತ್ತಾದರೆ ಜಾಗ ಅಲ್ಲಿಗೇ ಹೋಯಿತು. ಆದ್ದರಿಂದ ಗುಟ್ಟಾಗಿ ಒಂದು ಉಪಾಯ ಮಾಡಿದೆ. ಸಂಜೆ ಬಂದ ಕೂಡಲೇ ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕೆ ಇಳಿಸುವುದು, ಕಾರನ್ನು ತೆವಳಿಸಿ ಒಳಗೆ ಹಾಕುವುದು, ಬೆಳಿಗ್ಗೆ ಹೊರಗೆ ತೆವಳಿಸಿ ಕಾಲಿನ ಪಂಪಿನಿಂದ ಮತ್ತೆ ತುಂಬುವುದು. ಒಂದು ಚಕ್ರಕ್ಕೆ ನೂರ ಇಪ್ಪತ್ತು ತುಳಿತ. ಆಫೀಸು ಸೇರುವಾಗ ನನ್ನ ಬಲಗಾಲು ನನ್ನದಲ್ಲವೆನ್ನಿಸುತ್ತಿತ್ತು.

ಮೊದಲನೇ ಮಹಡಿಯ ಸಜ್ಜನರೊಬ್ಬರು ಇದನ್ನು ಅರ್ಧ ಮಾತ್ರ ನೋಡಿದರು, ಅಂದರೆ ಬೆಳಗಿನ ಅರ್ಧ. ಹೊಸಬರ ಕಾರಿನ ಗಾಳಿಯನ್ನು ದಿನಾ ಯಾರೋ ಬಿಡುತ್ತಿದ್ದಾರೆಂದು ಮರುಗಿ, ನನ್ನ ಪರವಾಗಿ ದೂರು ಬರೆದುಕೊಟ್ಟರು. ನೋಟಿಸ್ ಬೋರ್ಡಿನ ಮೇಲೆ ಖಂಡನೆ ಬಂತು. ವಾಚ್‌ಮನ್ನನಿಗೆ ಮೆಟ್ಟಿಲಿನ ಹಿಂದೆ ಅಡಗಿ ಕೂರಲು ಆಜ್ಞೆಯಾಯಿತು.

ಮಾರನೆಯ ಸಂಜೆ ನಾನು ಎರಡನೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಗ ಹಿಂದಿನಿಂದ ನನ್ನ ಕಾಲರು ಬಿಗಿಯಿತು. "ಪಕಡ್ ಲಿಯಾ!" ಎಂಬ ಕೂಗಿಗೆ ಮೂರು ಮಹಡಿಯ ಬಾಗಿಲುಗಳು ತೆರೆದವು.

ಸೆಕ್ರೆಟರಿ ಬಂದು ನನ್ನನ್ನೂ ಕಾರನ್ನೂ ನೋಡಿದರು. "ಅರೆ, ಇದು ಇವರದೇ ಗಾಡಿ."

"ಅದಕ್ಕೇ ಸಾಹೇಬ್, ಇಷ್ಟು ದಿನ ಯಾರಿಗೂ ಅನುಮಾನ ಬರಲಿಲ್ಲ," ಎಂದ ವಾಚ್‌ಮನ್, ಕಾಲರು ಬಿಡದೆ.

ಏನಾದರೂ ಹೇಳಲೇಬೇಕಿತ್ತು. ದಿನವೆಲ್ಲ ಓಡಿದ ಟೈರಿಗೆ ಸಂಜೆ ಸ್ವಲ್ಪ ವಿಶ್ರಾಂತಿ ಕೊಟ್ಟರೆ ಬಾಳಿಕೆ ಹೆಚ್ಚು ಎಂದೆ. ಸೆಕ್ರೆಟರಿ ಗಂಭೀರವಾಗಿ ತಲೆಯಾಡಿಸಿದರು. ಮರುದಿನ ನೋಡಿದರೆ ಸೊಸೈಟಿಯ ಆರು ಸ್ಕೂಟರುಗಳು ಚಪ್ಪಟೆಯಾಗಿ ವಿಶ್ರಾಂತಿ ಪಡೆಯುತ್ತಿದ್ದವು.

೩. ತೂಕ

ನಮ್ಮ ಕಚೇರಿ ಹಜೀರಾದಲ್ಲಿ. ನನ್ನ ಕಾರಿನಲ್ಲಿ ದಿನಾ ಮೂವರು ಸಹೋದ್ಯೋಗಿಗಳು ಬರುತ್ತಿದ್ದರು. ಅವರಲ್ಲಿ ಹಿರಿಯರು ಅಕೌಂಟ್ಸ್ ವಿಭಾಗದ ಧಾರವಾಡದವರು. ಅವರು ಹಿಂದೆ ಕೂತರೆ ಕಾರಿನ ಮೂತಿ ಆಕಾಶ ನೋಡುತ್ತಿತ್ತು. ಒಂದು ಸಂಜೆ ಅವರು ಮೂವರೂ ನಮ್ಮ ಮನೆಗೆ ಚಹಾಕ್ಕೆಂದು ಬಂದರು. ಮಾತಿನ ಭರದಲ್ಲಿ ಗಾಳಿ ಬಿಡುವುದನ್ನು ಮರೆತು ನೇರ ಒಳಗೆ ನುಗ್ಗಿಸಿದೆ. ಕಾರು ತೊಲೆಗೆ ತಾಗದೆ ಒಳಗೆ ಹೋಯಿತು!

ನಾಲ್ಕು ಜನರ ಭಾರಕ್ಕೆ ಕಾರು ತಾನೇ ತಗ್ಗಿತ್ತು. ಇಷ್ಟು ಸುಲಭದ ಉಪಾಯವಿರುವಾಗ ನಾನು ಒಂದು ವಾರ ಕಾಲು ಸವೆಸಿದ್ದೆ. ಸಂತೋಷದಿಂದ ಎಲ್ಲರನ್ನೂ ಇಳಿಸಿದೆ. ಧಾರವಾಡದವರು ಕಡೆಯದಾಗಿ ಇಳಿದರು. ಕಾರು ನಿಟ್ಟುಸಿರು ಬಿಟ್ಟು ಮೇಲೆದ್ದು, ತೊಲೆಗೆ ಒತ್ತಿಕೊಂಡು ನಿಂತಿತು.

"ಹೊರಗ ತೆಗಿಯೋದು ಹೆಂಗ್ರೀ?" ಎಂದರು ಅವರು.

"ಬೆಳಿಗ್ಗೆ ನೀವು ಮೂವರೂ ಬಂದು ಕೂತರೆ ಆಯಿತು."

"ಅಂದ್ರ ಕಾರಿನ್ಯಾಗ ಆಫೀಸಿಗೆ ಹೋಗಾಕ ನಾವು ಮೊದಲ ಕಾರಿನ ಮನಿತನಕ ನಡಕೊಂಡ ಬರಬೇಕು. ಸಂಜಿಕೆ ಮತ್ತ ನಡಕೊಂಡ ಹೋಗಬೇಕು. ಭಾಳ ಅನುಕೂಲ ಆತು ಬಿಡ್ರಿ."

ಒಳ್ಳೆಯವರು, ಬಂದರು. ಆದರೆ ಎರಡನೇ ವಾರದ ನಡುವೆ ವೈದ್ಯರು ಅವರಿಗೆ ತೂಕ ಇಳಿಸಲು ಹೇಳಿದರು. ರಾತ್ರಿಯ ಊಟ ಬಿಟ್ಟರು. ತೊಲೆಗೂ ಕಾರಿಗೂ ನಡುವಿನ ಸಂದು ದಿನದಿನಕ್ಕೆ ಕಿರಿದಾಗುತ್ತಿರುವಂತೆ ನನಗೆ ಕಂಡಿತು. ನಾನು ಘಾರಿ ತಂದುಕೊಟ್ಟೆ. ಸೂರತ್ತಿನ ಆ ಮಿಠಾಯಿಯ ಮೇಲೆ ತುಪ್ಪ ಬೆರಳು ದಪ್ಪಕ್ಕೆ ಹೆಪ್ಪುಗಟ್ಟಿರುತ್ತದೆ. ನನ್ನ ಹೆಂಡತಿ ಹೋಳಿಗೆ ಕಳಿಸಿದಳು, ಹೋಳಿಗೆಯ ಜೊತೆಗೆ ತುಪ್ಪ ಬೇರೆ ಕಳಿಸಿದಳು.

ನಾಲ್ಕನೇ ದಿನ ಅವರ ಮನೆಯಾಕೆ ನನ್ನ ಹೆಂಡತಿಗೆ ಫೋನ್ ಮಾಡಿದರು. "ಅಲ್ರೀ, ನಿಮ್ಮ ಮನಿಯವರದು ಏನರ ಟ್ರಾನ್ಸ್‌ಫರ್ ಗೀನ್ಸ್‌ಫರ್ ಕೆಲಸ ಇದ್ರ ನೇರ ಹೇಳ್ರಿ. ಹಿಂಗ ತಿನ್ನಿಸಿ ನಮ್ಮವರನ್ನ ಕೊಲ್ಲಬ್ಯಾಡ್ರಿ."

೪. ಯಾರ ಬೆರಳು

ಮೀಟಿಂಗಿಗೆ ಆರು ದಿನ ಉಳಿದಿತ್ತು. ಕಾರನ್ನೇ ಶಾಶ್ವತವಾಗಿ ತಗ್ಗಿಸುವುದೊಂದೇ ದಾರಿ. ಕಂಪನಿಯ ಗಿಡ್ಡ ಸ್ಪ್ರಿಂಗುಗಳನ್ನು ಮುಂಬೈಯಿಂದ ತರಿಸಬೇಕು. ಅವುಗಳ ಬೆಲೆ ಕೇಳಿ ಫೋನ್ ಇಟ್ಟೆ. ಉಧನಾ ಕಡೆ ಒಬ್ಬ ಮಿಸ್ತ್ರಿ ಇದ್ದ. ಅವನು ಬಗ್ಗಿ ನೋಡಿ, "ಥಈ ಜಶೇ, ಸಾಹೇಬ್," ಎಂದ. ಆಗಿಬಿಡುತ್ತದೆ ಎಂದರ್ಥ. ಗುಜರಾತಿನಲ್ಲಿ ಹತ್ತು ವರ್ಷ ಇದ್ದು ನಾನು ಕಲಿತದ್ದೇನೆಂದರೆ, ಈ ಮಾತಿನ ನಂತರ ಏನೋ ಒಂದು ಖಂಡಿತ ಆಗುತ್ತದೆ.

ಮುಂದಿನ ಸ್ಪ್ರಿಂಗನ್ನು ಒಂದೊಂದು ಸುತ್ತು ಕತ್ತರಿಸುವುದು, ಹಿಂದಿನ ಕಮಾನು ಪಟ್ಟಿಗಳಲ್ಲಿ ಒಂದೊಂದನ್ನು ತೆಗೆಯುವುದು. ಸಲಕರಣೆ: ಒಂದು ಗರಗಸ.

"ಎಷ್ಟು ಇಳಿಸಲಿ?"

"ಎರಡು ಬೆರಳು," ಎಂದು ನನ್ನ ಬೆರಳುಗಳನ್ನು ತೋರಿಸಿದೆ. ಮನೆಯಲ್ಲಿ ಅಳೆದದ್ದು ಅವುಗಳಿಂದಲೇ.

ಅವನೂ ಎರಡು ಬೆರಳು ಎತ್ತಿ, "ದೋ ಉಂಗಲಿ, ಪಕ್ಕಾ," ಎಂದ. ಇಪ್ಪತ್ತು ವರ್ಷ ಲಾರಿಗಳ ನಟ್ಟು ಬಿಚ್ಚಿದ ಬೆರಳುಗಳವು. ಅವುಗಳ ದಪ್ಪ ನೋಡಿದ ಕೂಡಲೇ ನನಗೆ ಸಂದೇಹ ಬರಬೇಕಿತ್ತು.

ಸಂಜೆ ಹೋದಾಗ ಕಾರು ಕೂತ ಎಮ್ಮೆಯ ಹಾಗಿತ್ತು. ನನ್ನ ಲೆಕ್ಕದಲ್ಲಿ ಮೂರೂವರೆ ಬೆರಳು ಇಳಿದಿತ್ತು.

"ಸ್ವಲ್ಪ ಮೇಲೆತ್ತಲು ಆಗುತ್ತದೆಯೇ?" ಎಂದೆ.

ಮಿಸ್ತ್ರಿ ನನ್ನನ್ನು ಕರುಣೆಯಿಂದ ನೋಡಿ, ಕತ್ತರಿಸಿದ ಎರಡು ಸುತ್ತುಗಳನ್ನು ಹಳೆಯ ಪೇಪರಿನಲ್ಲಿ ಕಟ್ಟಿಕೊಟ್ಟ. "ತಗೊಳ್ಳಿ ಸಾಹೇಬ್, ನಿಮ್ಮ ಎತ್ತರ."

ಮನೆಗೆ ತಂದೆ. ಹೆಂಡತಿ ಅವನ್ನು ತಿರುಗಿಸಿ ನೋಡಿ, ತೊಳೆದು, ಬಾಣಲೆಗೆ ಸಿಂಬೆ ಮಾಡಿಕೊಂಡಳು. ಆ ಕೆಲಸಕ್ಕೆ ಅಳತೆ ಸರಿಯಾಗಿತ್ತು.

೫. ಉಬ್ಬು

ಈಗ ಕಾರು ತೊಲೆಯ ಕೆಳಗೆ ಯಾರ ಸಹಾಯವೂ ಇಲ್ಲದೆ ಹೋಗುತ್ತಿತ್ತು. ಆದರೆ ಅದು ರಸ್ತೆಯಲ್ಲೂ ಹೋಗಬೇಕಾಗಿತ್ತು. ನಮ್ಮ ಗೇಟಿನಿಂದ ಹಜೀರಾ ಕಚೇರಿಯ ಗೇಟಿನವರೆಗೆ ಹನ್ನೊಂದು ಸ್ಪೀಡ್ ಬ್ರೇಕರುಗಳಿವೆ. ಮೊದಲನೆಯದರ ಮೇಲೆ ಕಾರು ಹೊಟ್ಟೆ ಊರಿ ನಿಂತುಬಿಟ್ಟಿತು. ಚಕ್ರಗಳು ತಿರುಗುತ್ತಿದ್ದವು, ನಾವು ಅಲ್ಲೇ ಇದ್ದೆವು.

"ದಯವಿಟ್ಟು ಸ್ವಲ್ಪ ಇಳಿಯಿರಿ," ಎಂದೆ.

ಮೂವರೂ ಇಳಿದರು. ಕಾರು ಎದ್ದು ದಾಟಿತು. ಅವರು ನಡೆದು ಬಂದು ಹತ್ತಿದರು. ಎರಡನೆಯದರಲ್ಲೂ ಹೀಗೆಯೇ ಆಯಿತು. ಐದನೆಯದರ ಹತ್ತಿರ ಧಾರವಾಡದವರು ಬಾಗಿಲು ಹಿಡಿದು ನಿಂತರು.

"ಹೋದ ವಾರ ಇಳೀಬ್ಯಾಡ್ರಿ, ಕೂಡ್ರಿ ಕೂಡ್ರಿ ಅಂದ್ರಿ. ಈ ವಾರ ಕೂಡಬ್ಯಾಡ್ರಿ, ಇಳೀರಿ ಇಳೀರಿ ಅಂತೀರಿ. ನಿಮ್ಮ ಗಾಡಿಗೆ ನಾವು ಬೇಕೋ ಬ್ಯಾಡೋ, ಒಂದ ಹೇಳಿಬಿಡ್ರಿ."

ನಾನು ಮುಂದಿನ ಉಬ್ಬನ್ನು ನೋಡುತ್ತಿದ್ದೆ. ಆ ದಿನಗಳಲ್ಲಿ ರಾತ್ರಿ ಕಣ್ಣು ಮುಚ್ಚಿದರೂ ರಸ್ತೆ ಉಬ್ಬುಬ್ಬಾಗಿಯೇ ಕಾಣುತ್ತಿತ್ತು.

ಹೋಗುವಾಗ ಹನ್ನೊಂದು ಸಲ, ಬರುವಾಗ ಹನ್ನೊಂದು ಸಲ ಇಳಿದು ಹತ್ತಿದ ಅವರು ಆ ಶನಿವಾರ ವೈದ್ಯರ ಬಳಿ ಹೋದರು. ವೈದ್ಯರು ತಕ್ಕಡಿಯನ್ನೂ ಅವರನ್ನೂ ನೋಡಿ, ಏನು ವ್ಯಾಯಾಮ ಮಾಡುತ್ತೀರಿ ಎಂದು ಕೇಳಿದರಂತೆ.

"ಕಾರಿನ್ಯಾಗ ಆಫೀಸಿಗೆ ಹೋಗತೇನ್ರೀ," ಎಂದರಂತೆ ಇವರು.

೬. ಜನರಲ್ ಮೀಟಿಂಗ್

ಭಾನುವಾರ ಪಾರ್ಕಿಂಗಿನಲ್ಲೇ ಕುರ್ಚಿ ಹಾಕಿದ್ದರು. ಸೆಕ್ರೆಟರಿ ಒಂದೊಂದೇ ನಂಬರು ಕೂಗುತ್ತಿದ್ದರು, ವಾಹನ ಇದೆಯೇ ಎಂದು ನೋಡಿ ಗುರುತು ಹಾಕುತ್ತಿದ್ದರು. "ನಾಲ್ಕು" ಎಂದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ. ನಮ್ಮ ಕಾರು ತೊಲೆಯ ಕೆಳಗೆ ಸ್ವಂತ ಬಲದಿಂದ, ಅರ್ಧ ಇಂಚಿಗೂ ಹೆಚ್ಚು ಸಂದು ಬಿಟ್ಟುಕೊಂಡು ನಿಂತಿತ್ತು. ಗುರುತು ಬಿತ್ತು. ಹೆಂಡತಿ ಮೇಲಿನಿಂದ ಇಣುಕಿ ನೋಡಿ ಒಳಗೆ ಹೋದಳು. ಕಿಟಕಿಯ ವಿಚಾರ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಎಲ್ಲರಿಗಿಂತ ಮೊದಲು ಬಂದು ಕೈ ಕುಲುಕಿದವನು ಸೆಕ್ರೆಟರಿಯ ಭಾವಮೈದುನ. ಗೆದ್ದವನ ಔದಾರ್ಯದಿಂದ, "ಬೇಸರ ಮಾಡಿಕೊಳ್ಳಬೇಡಿ ಭಾಯ್, ನಿಮ್ಮ ಕಾರಿಗೂ ಎಲ್ಲಾದರೂ ಜಾಗ ಸಿಗುತ್ತದೆ," ಎಂದೆ.

"ನನ್ನ ಹತ್ತಿರ ಕಾರೆಲ್ಲಿದೆ, ಸಾಹೇಬ್?" ಎಂದ ಅವನು. "ಮುಂದೆಂದಾದರೂ ತಗೊಂಡಾನು ಅಂತ ಅಕ್ಕ ಹೆಸರು ಬರೆಸಿದ್ದಾಳೆ."

"ಮತ್ತೆ ದಿನಾ ಸಂಜೆ ನಾಲ್ಕನೇ ನಂಬರಿನಲ್ಲಿ ನಿಲ್ಲುತ್ತಿದ್ದಿರಲ್ಲ?"

ಅವನು ಮೇಲೆ ನೋಡಿದ, ಗೇಟಿನ ಕಡೆ ನೋಡಿದ, ದನಿ ತಗ್ಗಿಸಿದ. "ಬೀಡಿ ಸೇದಲು. ಬಾಲ್ಕನಿಯಿಂದ ಅಕ್ಕನಿಗೆ ಕಾಣದ ಜಾಗ ಅದೊಂದೇ."

ಮೂರು ವಾರದ ಗಾಳಿ, ಘಾರಿ, ಗರಗಸ ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಹಾದುಹೋದವು. ಆದರೂ ಜಾಗ ನನ್ನದಾಗಿತ್ತು, ಕಳೆದುಕೊಂಡದ್ದು ಮೂರೂವರೆ ಬೆರಳು ಮಾತ್ರ. ಆ ನೆಮ್ಮದಿಯಲ್ಲಿ ಕುರ್ಚಿಗೆ ಒರಗಿದೆ. ಸೆಕ್ರೆಟರಿ ಕಡೆಯ ವಿಷಯ ಓದುತ್ತಿದ್ದರು. ಸಿಮೆಂಟು ನೆಲ ಚೆನ್ನಾಗಿ ಕಾಣುತ್ತಿಲ್ಲ, ಪಾರ್ಕಿಂಗಿಗೆಲ್ಲ ಕೋಟಾ ಕಲ್ಲು ಹಾಸಬೇಕು. ಯಾರಾದರೂ ಅನುಮೋದಿಸುತ್ತೀರಾ?

ಇಷ್ಟು ಒಳ್ಳೆಯ ಸೊಸೈಟಿಗೆ ನಾನೂ ಏನಾದರೂ ಮಾಡಬೇಕೆನ್ನಿಸಿತು. ಮೊದಲು ಎತ್ತಿದ ಕೈ ನನ್ನದು. ಚಪ್ಪಾಳೆ ತಟ್ಟಿದರು.

ಕೆಲಸದವರು ಹತ್ತು ದಿನದಲ್ಲಿ ಕಲ್ಲು ಹಾಸಿ ಮುಗಿಸಿದರು. ಕೆಳಗಿನ ಗಾರೆಯೂ ಸೇರಿ ನೆಲ ತೊಲೆಯ ಕಡೆಗೆ ಎರಡೂವರೆ ಇಂಚು ಏರಿತು. ನಮ್ಮ ಕಾರು ಅಂದಿನಿಂದ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿತು. ನಾಲ್ಕನೇ ನಂಬರಿನಲ್ಲಿ ಭಾವಮೈದುನ ಬೀಡಿ ಸೇದುವುದು ಮುಂದುವರಿಯಿತು. ಆರು ತಿಂಗಳ ನಂತರ ನಾವು ಅಡುಗೆಮನೆಗೆ ಕಿಟಕಿ ಇರುವ ಮನೆಗೆ ಹೋದೆವು. ಅಲ್ಲಿ ಪಾರ್ಕಿಂಗ್ ಇರಲಿಲ್ಲ.