ಬರುವವರ ಹುದ್ದೆ

ಡಚ್ಚರ ನಾಡಿನ ಆಲ್ಮೆರೆ ಪಟ್ಟಣದ ಹೊಸನೆಲ ಸಮುದಾಯ ಕಾಲೇಜಿನಲ್ಲಿ 2013ರಲ್ಲಿ ಒಂದೇ ಒಂದು ಹುದ್ದೆಯೂ ಖಾಲಿ ಇರಲಿಲ್ಲ. ಬ್ರೆಡ್ ವಿಭಾಗಕ್ಕೆ ಮೇಷ್ಟ್ರು ಮಾತ್ರ ಇರಲಿಲ್ಲ. ಈ ಎರಡು ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂದು ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತ್ತು.

ಗದಗಿನ ಕಡೆಯ ಹಾಲಪ್ಪ ಮೇಷ್ಟ್ರು ಹಿಂದಿನ ಬೇಸಿಗೆಯಲ್ಲಿ ನಿವೃತ್ತರಾಗಿದ್ದರು. ಬೀಳ್ಕೊಡುಗೆಯ ದಿನ ಕೇಕು ತಿಂದು, ಹೂಗುಚ್ಛ ಹಿಡಿದು, ಬಾಗಿಲ ಬಳಿ ನಿಂತು "ಬರ್ತೀನ್ರಿ" ಅಂದರು. ಹೊರಡುವಾಗ 'ಹೋಗ್ತೀನಿ' ಅನ್ನುವುದು ಅಪಶಕುನ. ಹುಟ್ಟಿದಾಗಿನಿಂದ ಅವರು ಹಾಗೆ ಅಂದವರೇ ಅಲ್ಲ. ಸಭೆಗೆ ಅರ್ಥವಾಗಲಿ ಎಂದು ಅದನ್ನೇ ಡಚ್ಚಿಗೆ ತಿರುಗಿಸಿ "ಇಕ್ ಕೊಮ್" ಎಂದೂ ಹೇಳಿದರು. ಕಾರ್ಯದರ್ಶಿ ಕೂಡಲೇ ನಡಾವಳಿಯಲ್ಲಿ ಬರೆದುಕೊಂಡ: ಶ್ರೀ ಹಾಲಪ್ಪ ಬರುತ್ತಾರೆ.

ಬರುವವರ ಹುದ್ದೆಯನ್ನು ಖಾಲಿ ಎನ್ನಲಾಗದು. ಖಾಲಿಯಲ್ಲದ ಹುದ್ದೆಗೆ ಇನ್ನೊಬ್ಬರನ್ನು ತೆಗೆದುಕೊಳ್ಳಲಾಗದು. ಹೀಗೆ ಉಳಿದ ಸಂಬಳದಲ್ಲಿ ಮಂಡಳಿಯು ಒಬ್ಬ ಗುಣಮಟ್ಟ ಸಂಯೋಜಕನನ್ನೂ, ಅವನು ಸಂಯೋಜಿಸುತ್ತಿದ್ದಾನೆಯೇ ಎಂದು ನೋಡಲು ಒಬ್ಬ ಸಂಯೋಜಕಿಯನ್ನೂ ನೇಮಿಸಿತು. ಇಬ್ಬರಿಗೂ ಕೈತುಂಬ ಕೆಲಸವಿತ್ತು, ಒಬ್ಬರನ್ನೊಬ್ಬರು ಕಾಯಬೇಕಿತ್ತಲ್ಲ.

ಹಾಲಪ್ಪನವರ ಮೊಮ್ಮಗಳು ಶರಣ್ಯಾ ಅದೇ ವಿಭಾಗದ ವಿದ್ಯಾರ್ಥಿನಿ. ಹಾರ್ಲೆಮ್‌ನಲ್ಲಿ ಸ್ವಂತ ಬೇಕರಿ ತೆಗೆಯುವುದು ಅವಳ ಆಸೆ.

"ಅಜ್ಜಾ, ವರ್ಷದಿಂದ ನಾವು ಹಿಟ್ಟೇ ಮುಟ್ಟಿಲ್ಲ. ಕೇಳಿದ್ರೆ ಆಫೀಸಿನವರು, ಟೀಚರ್ 'ಓಂಡರ್ವೆಗ್' ಅಂತಾರೆ, ದಾರೀಲಿದಾರಂತೆ. ದಟ್ಸ್ ಯೂ, ಅಜ್ಜಾ! ಪ್ಲೀಸ್, ಹೋಗ್ತೀನಿ ಅಂತ ಒಂದ್ಸಲ ಹೇಳಿಬಿಡಿ."

ಒಳಗಿನಿಂದ ಹಾಲಪ್ಪನವರ ಹೆಂಡತಿ ಸಾವಿತ್ರವ್ವ ಲಟ್ಟಣಿಗೆ ಸಮೇತ ಬಂದರು. "ಅರವತ್ತೈದು ದಾಟೀರಿ. ಹೋಗ್ತೀನಿ ಅಂತ ಬಾಯಿಬಿಟ್ಟು ಅಂದ್ರ ಯಮ ಬಾಗಲದಾಗ ನಿಂತು ಕೇಳಸ್ಕೋತಾನ. ಸುಮ್ನ ಕುಂದರ್ರಿ!"

ಹಾಲಪ್ಪ ಸುಮ್ಮನೆ ಕೂರಲಿಲ್ಲ. ಕೂಸಿನ ಮುಖ ನೋಡಿ ಎದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡು, ಹೆಂಡತಿಗೆ ಮಾರ್ಕೆಟ್ಟಿಗೆಂದು ಸುಳ್ಳು ಹೇಳಿ ನೇರ ಮಂಡಳಿಯ ಸಭೆಗೆ ಹೋದರು.

ಅಂದಿನ ಸಭೆಯಲ್ಲಿ ಮುಂದಿನ ಸಭೆಗೆ ಯಾವ ಬಿಸ್ಕತ್ತು ಎಂಬ ಬಗ್ಗೆ ಒಮ್ಮತ ಮೂಡುತ್ತಿತ್ತು. ಅದು ಮೂಡಿ ಮುಗಿದ ಮೇಲೆ ಅಧ್ಯಕ್ಷೆ ಮಾರೈಕೆ, "ಹೇಳಿ, ಮೇಷ್ಟ್ರೇ" ಎಂದರು.

ಹಾಲಪ್ಪ ಎದ್ದು ನಿಂತರು. ಕಣ್ಣು ಮುಚ್ಚಿ ಶಿವನನ್ನು ನೆನೆದು, "ಹೋಗ್ತೀನಿ. ಇಕ್ ಖಾ" ಅಂದರು.

ಕಾರ್ಯದರ್ಶಿ ಪೆನ್ನು ತೆರೆದ. "ಇದನ್ನು ಹೇಳೋಕೆ ನೀವೇ ಖುದ್ದಾಗಿ ಬಂದಿದ್ದೀರಿ, ಅಲ್ವಾ?"

"ಹೌದು, ಬಂದಿದ್ದೇನೆ."

"ಬಂದರು ಅಂತ ಬರ್ಕೊಂಡೆ."

ಸಭೆ ಚಪ್ಪಾಳೆ ತಟ್ಟಿತು. ಕೊಟ್ಟ ಮಾತಿಗೆ ತಪ್ಪದ ಸಿಬ್ಬಂದಿ ಅಪರೂಪ ಎಂದು ಮಾರೈಕೆ ಕಣ್ಣೊರೆಸಿಕೊಂಡರು. ಬರುತ್ತೇನೆಂದು ಹೇಳಿ ಬಂದವರು ಆ ಕ್ಷಣದಿಂದ ಸೇವೆಯಲ್ಲಿರತಕ್ಕದ್ದು ಎಂಬ ನಿಯಮವನ್ನು ಅಲ್ಲೇ ಮಾಡಿ, ಅಲ್ಲೇ ಅನ್ವಯಿಸಲಾಯಿತು.

ಹಾಲಪ್ಪ ಒಂದು ಗಳಿಗೆ ಯೋಚಿಸಿದರು. ಇರಲಿ, ತಾನೇ ಕಲಿಸಿದರಾಯಿತು. "ಹಾಗಾದರೆ ಅಡುಗೆಕೋಣೆಯ ಬೀಗದ ಕೈ ಕೊಡಿ."

"ಅದು ಆಗಲ್ಲ," ಎಂದ ಕಾರ್ಯದರ್ಶಿ ಬಹಳ ನೊಂದು. "ನಿವೃತ್ತರಿಗೆ ಓವನ್ ವಿಮೆ ಇಲ್ಲ."

ಅಂದಿನಿಂದ ಹಾಲಪ್ಪ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಬ್ರೆಡ್ಡಿನ ಬಗ್ಗೆ ಮಾತಾಡತೊಡಗಿದರು. ನಾದುವುದು ಹೇಗೆಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ಮಕ್ಕಳೂ ಗಾಳಿಯನ್ನೇ ನಾದಿದರು. ಸಂಯೋಜಕ ಬಂದು ಗುಣಮಟ್ಟವಿದೆ ಎಂದ, ಸಂಯೋಜಕಿ ಬಂದು ಹೌದೆಂದಳು.

ವರ್ಷಾಂತ್ಯದ ಪರೀಕ್ಷೆಗೆ ಇನ್ಸ್‌ಪೆಕ್ಟರು ಬಂದರು. ಶರಣ್ಯಾ ಖಾಲಿ ತಟ್ಟೆ ಹಿಡಿದು ನಿಂತಳು.

"ಬೆಂದಿದೆಯೇ?" ಎಂದು ಅವರು ಮೇಷ್ಟ್ರನ್ನು ಕೇಳಿದರು.

ಹಸಿ ಬ್ರೆಡ್ಡನ್ನು ಹಾಲಪ್ಪ ಜೀವಮಾನದಲ್ಲಿ ಒಪ್ಪಿದವರಲ್ಲ. ಇಲ್ಲ ಎಂದರೆ ಕೂಸಿಗೆ ಇನ್ನೊಂದು ವರ್ಷ ಇದೇ ಕ್ಯಾಂಟೀನು. ಅವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಚಲೋ ಬೆಂದದ," ಅಂದರು ಕನ್ನಡದಲ್ಲೇ, ಆಮೇಲೆ ಡಚ್ಚಿನಲ್ಲೂ ಹೇಳಿದರು.

ಮಾರೈಕೆ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡರು. ಸಂಯೋಜಕ, ಸಂಯೋಜಕಿ ತೆಗೆದುಕೊಂಡರು. ಇನ್ಸ್‌ಪೆಕ್ಟರು ನಿಧಾನವಾಗಿ ಅಗಿದು, ನುಂಗಿ, ಎಲ್ಲರೂ ಪಾಸೆಂದು ಘೋಷಿಸಿದರು. ಉಪ್ಪು ಮಾತ್ರ ಸ್ವಲ್ಪ ಕಡಿಮೆಯಾಗಿದೆ ಎಂದರು.

"ಸಾರಿ," ಅಂದಳು ಶರಣ್ಯಾ.